ಐವತ್ತೆಂಟು ಲಕ್ಷ ದಾಟಿದರೆ

ಮಾರ್ಚ್ 5, ಸಂಜೆ

ಹಿಮ ಇವತ್ತೂ ಸರಿಬರಲಿಲ್ಲ. ಚರ್ಮದ ಚೀಲಕ್ಕೆ ಜೋಳದ ಹಿಟ್ಟು ತುಂಬಿ ಒತ್ತಿದರೆ ಹಿಮದ ಮೇಲೆ ನಡೆದ ಸದ್ದು ಬರುತ್ತದೆ. ಇಪ್ಪತ್ತಾರು ವರ್ಷದಿಂದ ಬಂದಿದೆ. ಈ ಚಿತ್ರದ ಹಿಮ ಮಾತ್ರ ಒಪ್ಪುತ್ತಿಲ್ಲ. ಸೇನಾಪತಿ ತೆರೆಯ ಮೇಲೆ ಎಡಗಾಲು ಎಳೆದು ನಡೆಯುತ್ತಾನೆ. ನಟನೆಯೋ, ಹೊಸ ಬೂಟಿನ ಕಾಟವೋ. ಅವನ ಹೆಜ್ಜೆಗೆ ಸದ್ದು ಹಾಕುವವನು ನಾನು, ಆದ್ದರಿಂದ ನಾನೂ ಎಳೆದೆ. ಮಂಡಿ ಹಿಡಿದುಕೊಂಡಿದೆ.

ಮಧ್ಯಾಹ್ನ ಮೂಳೆಗಳು. ಮೈಕಿನ ಮುಂದೆ ಕೋಸು ತಿರುಚಿ ಹನ್ನೊಂದು ಮಂದಿಯ ಕತ್ತು ಮುರಿದೆ. ನಾಲ್ಕು ಗಂಟೆಗೆ ಮಾಲ್-ಸುನ್ ಬುಟ್ಟಿ ಹಿಡಿದು ಬಂದಳು, ಹೆಣ ಒಯ್ಯಲು. ಬೆಟ್ಟದ ಶೂಟಿಂಗ್ ಮುಗಿದು ಕೊನೆಯ ದಿನಗಳು ಇಲ್ಲೇ ಪಾಜುವಿನ ಸ್ಟುಡಿಯೋದಲ್ಲಿ; ಅವಳ ಊಟದ ಲಾರಿ ನನ್ನ ಕಿಟಕಿಯ ಎದುರಿಗೇ ನಿಂತಿರುತ್ತದೆ. ಇಡೀ ತಂಡ ಅವಳನ್ನು ಚಿಕ್ಕಮ್ಮ ಅನ್ನುತ್ತದೆ. ನಾನು ಅನ್ನುವುದಿಲ್ಲ. ನನಗೆ ಐವತ್ಮೂರು, ಅವಳಿಗೆ ಐವತ್ತೊಂದು.

"ಇವತ್ತು ಎಷ್ಟು ಜನ ಸತ್ರು?"

"ಹನ್ನೊಂದು."

"ಇದು ಯಾರು?" ಒಂದು ಕೋಸು ಎತ್ತಿ ತಿರುಗಿಸಿದಳು. "ಚೆನ್ನಾಗಿ ಮುರಿದಿದೀರಿ. ಉಪ್ಪು ಬೇಗ ಹಿಡಿಯುತ್ತೆ. ನಾಡಿದ್ದು ಕಿಮ್ಚಿ ಮಾಡಿ ತಂದ್ಕೊಡ್ತೀನಿ, ನೀವು ಕೊಂದಿದ್ದನ್ನ ನೀವೇ ತಿನ್ನಿ."

ಶೂಟಿಂಗ್ ಯಾವಾಗ ಮುಗಿಯುತ್ತದೆಂದು ಕೇಳಿದೆ.

"ನೂರ ಹತ್ತು ದಿನ ಅಂದಿದ್ರು. ಇವತ್ತಿಗೆ ನೂರ ಅರವತ್ತೆಂಟು. ಬರೀ ಮಂಜು ಇಳೀಲಿ ಅಂತ ಕಾದಿದ್ದೇ ಒಂಬತ್ತು ದಿನ. ದಿನಕ್ಕೆ ಇನ್ನೂರ ಹತ್ತು ಜನ, ಎರಡು ಊಟ. ಮಂಜೇನೋ ಬಂತು. ಡೈರೆಕ್ಟರು ನೋಡಿ, ಸ್ವಲ್ಪ ದಪ್ಪ ಆಯ್ತು ಅಂದ್ರು."

ಅಷ್ಟು ಹೇಳಿ ಹೋದಳು. ಬಲಗಾಲಿನ ಹಿಮ್ಮಡಿ ಕೊಂಚ ತಡವಾಗಿ ಊರುತ್ತಾಳೆ. ಟಕ್... ಟ-ಕ್. ಗಮನಿಸಬೇಕೆಂದು ಗಮನಿಸಿದ್ದಲ್ಲ. ಕಸುಬು.

ಮಾರ್ಚ್ 12, ರಾತ್ರಿ 8

ಶೂಟಿಂಗ್ ಮುಗಿದ ಔತಣ. ಹಂದಿಮಾಂಸದ ಹೊಗೆ, ಸೋಜು ಮದ್ಯ, ಇನ್ನೂರು ಕೊರಳು. ಹೋಗುವುದು ಬೇಡವೆಂದಿದ್ದೆ, ಹೋದೆ.

ಚಿತ್ರದ ಹೆಸರು 'ನೂರು ಬಾಗಿಲು'. ಉತ್ತರದ ಗಡಿಕೋಟೆಯ ಕಥೆ. ಬಾನ್ ಗ್ಯು-ತೆ — ನಿರ್ದೇಶಕ, ನನ್ನನ್ನು ಅಣ್ಣ ಅನ್ನುವವನು — ನೂರು ಬಾಗಿಲನ್ನೂ ನಿಜವಾಗಿ ಕಟ್ಟಿಸಿದ. ಓಕ್ ಮರ, ಕಬ್ಬಿಣದ ಕೀಲು. ಬೊಂಬೆ ಬಾಗಿಲಿನ ಮುಂದೆ ನಟರು ಬೊಂಬೆಗಳ ಹಾಗೆ ಸಾಯುತ್ತಾರೆ ಎಂದು ವಾದ. ಹಾಕಿದ ಹಣ ಹಿಂದಿರುಗಬೇಕಾದರೆ ಐವತ್ತೆಂಟು ಲಕ್ಷ ತಲೆ ಬರಬೇಕು. ಅಂದರೆ ದೇಶದಲ್ಲಿ ಒಂಬತ್ತು ಜನರಿಗೆ ಒಬ್ಬರು ಎದ್ದು, ಚಪ್ಪಲಿ ಮೆಟ್ಟಿ, ಥಿಯೇಟರಿಗೆ ನಡೆಯಬೇಕು.

ಊಟದ ನಡುವೆ ಪಣದ ಮಾತು ಶುರುವಾಯಿತು. ಪತ್ರಕರ್ತರ ಮುಂದೆ ಆಡಿ ಆಡಿ ಚಟವಾಗಿದೆ: ಇಷ್ಟು ತಲೆ ದಾಟಿದರೆ ಇಂಥದ್ದು ಮಾಡುತ್ತೇನೆ. ಸೇನಾಪತಿ ಕವಚ ತೊಟ್ಟು ಚೌಕದಲ್ಲಿ ಅನ್ನ ಬಡಿಸುತ್ತಾನಂತೆ. ಬಾನ್ ತಲೆ ಬೋಳಿಸಿಕೊಳ್ಳುತ್ತಾನಂತೆ. ಆಮೇಲೆ ಎಲ್ಲರೂ ಚಿಕ್ಕಮ್ಮ, ಚಿಕ್ಕಮ್ಮ ಎಂದು ಮೇಜು ಬಡಿದರು. ಅವಳು ದೊಡ್ಡ ಪಾತ್ರೆಯ ಹಿಂದೆ ಬಾನ್ ಪಕ್ಕದಲ್ಲಿ ನಿಂತಿದ್ದಳು. ಸೌಟು ನೋಡುತ್ತ ಮೆಲ್ಲಗೆ ಹೇಳಿದಳು:

"ಐವತ್ತೆಂಟು ಲಕ್ಷ ದಾಟಿದ್ರೆ, ಈ ಟಿಕೆಟ್ ಸಾಹೇಬರ ಮನೇಲಿ ನನಗೆ ದಿನಾ ಊಟ. ಅವರೇ ಮಾಡಿ ಬಡಿಸ್ಬೇಕು."

ನನ್ನ ಮನೆತನದ ಹೆಸರು ಪ್ಯೊ. ಟಿಕೆಟ್ಟಿಗೂ ನಮ್ಮಲ್ಲಿ ಪ್ಯೊ ಎಂದೇ ಹೇಳುವುದು. ಈ ತಮಾಷೆ ಒಂದನೇ ತರಗತಿಯಿಂದ ಕೇಳಿದ್ದೇನೆ. ಇವತ್ತು ಮೊದಲ ಸಲ ಹೊಸದಾಗಿ ಕೇಳಿಸಿತು.

ಅವಳ ಮಾತಿನ ನಡುವೆಯೇ ಯಾರೋ ಸ್ಟೀಲ್ ಬಟ್ಟಲುಗಳ ಪೇರಿಯನ್ನು ಕೆಡವಿದ್ದರು. ಏಳು ಬಟ್ಟಲು. ಕೊನೆಯದು ಬಹಳ ಹೊತ್ತು ತಿರುಗಿತು. ಅಪರೂಪದ ಸದ್ದು. ಜೇಬಿನ ರೆಕಾರ್ಡರ್ ಓಡುತ್ತಿತ್ತು, ಇಟ್ಟುಕೊಂಡೆ.

ಎಲ್ಲರೂ ನಕ್ಕರು. ಬಾನ್ ಮಾತ್ರ ನಗಲಿಲ್ಲ. ಸಾರಿನ ಬಟ್ಟಲನ್ನು ಕೆಳಗಿಟ್ಟು ಹೊರಟುಹೋದ. ದಣಿದಿರಬೇಕು.

ಮಾರ್ಚ್ 13

ತಮಾಷೆಗೆ ಹೇಳಿದ್ದು. ಖಂಡಿತ ತಮಾಷೆಗೆ.

ಮನೆಯಲ್ಲಿ ಒಂದು ಅನ್ನದ ಬಟ್ಟಲು, ಒಂದು ಸಾರಿನ ಬಟ್ಟಲು, ಒಂದು ಜೊತೆ ಊಟದ ಕಡ್ಡಿ. ಹನ್ನೊಂದು ವರ್ಷದಿಂದ ಅಷ್ಟೇ. ಎಂದೂ ಕಡಿಮೆ ಅನ್ನಿಸಿರಲಿಲ್ಲ.

ಏಪ್ರಿಲ್ 20

ಇನ್ನೊಂದು ಬಟ್ಟಲು ತಂದೆ. ಕಡ್ಡಿಯನ್ನೂ. ಅಂಗಡಿಯವಳು ಜೋಡಿಯಾಗಿ ತಗೊಂಡರೆ ಕಡಿಮೆ ಎಂದಳು. ಒಂದೇ ಸಾಕೆಂದೆ — ಒಂದು ಇದೆ.

ಹುದುಗಿದ ಸೋಯಾ ಸಾರು ಹೇಗೆ ಮಾಡುವುದೆಂದು ಜೊಂಜುವಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಏನೋ, ಹುಷಾರಿಲ್ವಾ?"

"ಹುಷಾರಾಗಿದೀನಿ."

"ಹಾಗಾದ್ರೆ ಯಾರೋ ಅವಳು?"

ಹೇಳಲಿಲ್ಲ. ನೀರು ಕುದಿಯುವ ಮೊದಲೇ ಹುದುಗಿನ ಮುದ್ದೆ ಹಾಕಬಾರದಂತೆ. ಕುದಿಯುವ ಸದ್ದು ನನಗೆ ಗೊತ್ತು. ಲಾವಾರಸಕ್ಕೆ ಅದನ್ನೇ ಹಾಕಿದ್ದೆ, ಆರು ವರ್ಷದ ಹಿಂದೆ. ರುಚಿಯೂ ಇವತ್ತು ಅದರ ಹಾಗೇ ಇತ್ತು.

ಜೂನ್ 27

ಬಾಗಿಲುಗಳು ಮುಗಿದವು. ನೂರಕ್ಕೂ ಬೇರೆ ಬೇರೆ ಸದ್ದು. ಹಳೆಯ ಬಟ್ಟೆ ಪೆಟ್ಟಿಗೆ, ಕುದುರೆಗಾಡಿಯ ಅಚ್ಚು, ಸ್ನಾನದಮನೆಯ ತುಕ್ಕು ಕೀಲು, ನನ್ನ ಮಂಡಿ (ಎಪ್ಪತ್ಮೂರನೇ ಬಾಗಿಲು). ಬಾನ್ ಬಂದು ಕಣ್ಣು ಮುಚ್ಚಿ ಎಲ್ಲ ಕೇಳಿದ. ಅತ್ತೇಬಿಟ್ಟ.

ಆಮೇಲೆ ಹೇಳಿದ, "ಅಣ್ಣ, ಚಿತ್ರ ಮೂರು ಗಂಟೆ ಐವತ್ತು ನಿಮಿಷ ಆಗಿದೆ. ಕತ್ತರಿಸ್ಬೇಕು. ಎಂಟು ಬಾಗಿಲು ಉಳಿಯುತ್ತೆ."

"ಎಂಟು."

"ಇಲ್ಲದಿದ್ರೆ ದಿನಕ್ಕೆ ಮೂರು ಆಟವೂ ಆಗಲ್ಲ. ಚಿಕ್ಕ ಚಿತ್ರ ಆರು ಸಲ ಓಡೋ ಕಡೆ ನಮ್ಮದು ಕತ್ತರಿಸಿದ್ರೂ ನಾಲ್ಕೇ. ಅವರು ಆರು ಸಲ ತಲೆ ಎಣಿಸ್ತಾರೆ, ನಾವು ನಾಲ್ಕು ಸಲ."

"ಎಪ್ಪತ್ಮೂರನೇದು?"

"ಅದು ಇರುತ್ತೆ. ಅದರಲ್ಲಿ ಏನೋ ಒಂದು ನೋವಿದೆ."

ತೊಂಬತ್ತೆರಡು ಬಾಗಿಲುಗಳು ಈಗ ಗಾಂಗ್ವನ್ ಬೆಟ್ಟದ ಮೇಲೆ ಸುಮ್ಮನೆ ನಿಂತಿವೆ. ತೆರೆದರೆ ಆಚೆಗೂ ಬೆಟ್ಟ, ಈಚೆಗೂ ಬೆಟ್ಟ. ನೆನೆದುಕೊಂಡು ಏಕೋ ನಗು ಬಂತು. ಬಹಳ ಹೊತ್ತು ನಿಲ್ಲಲಿಲ್ಲ.

ಆಗಸ್ಟ್ 8, ಬೆಳಗ್ಗೆ

ಬಿಡುಗಡೆಯ ದಿನ ಗೊತ್ತಾಯಿತು. ಸೆಪ್ಟೆಂಬರ್ 11, ಬುಧವಾರ, ಚುಸೊಕ್ ಹಬ್ಬದ ವಾರ. ಹಬ್ಬದಲ್ಲಿ ಇಡೀ ದೇಶ ಮನೆಮಂದಿಯ ಜೊತೆ ಥಿಯೇಟರಿಗೆ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತು. ಹೀಗಾಗಿ ಇನ್ನೂ ಮೂರು ದೊಡ್ಡ ಚಿತ್ರಗಳು ಅದೇ ಬುಧವಾರಕ್ಕೆ ಬಂದು ಕೂತಿವೆ. ನಾಲ್ಕಕ್ಕೂ ತಲಾ ಐವತ್ತು-ಅರವತ್ತು ಲಕ್ಷ ತಲೆ ಬೇಕು. ಆ ವಾರ ದೇಶದ ಅರ್ಧ ಜನ ಅಡುಗೆಮನೆಯಲ್ಲಿರುತ್ತಾರೆ, ಇನ್ನರ್ಧ ಜನ ಹೆದ್ದಾರಿಯಲ್ಲಿ ಸಿಕ್ಕಿಕೊಂಡಿರುತ್ತಾರೆ.

"ಒಂದು ವಾರ ಮುಂದಕ್ಕೆ ಹಾಕಬಹುದಲ್ಲ?" ಎಂದು ಬಾನ್‌ಗೆ ಕೇಳಿದೆ.

"ಮುಂದಕ್ಕೆ ಹಾಕಿದ್ರೆ ಹೆದರಿದ್ರು ಅಂತಾರೆ."

"ಉಳಿದ ಮೂವರು?"

"ಅವರೂ ಅದಕ್ಕೇ ಹಾಕ್ತಿಲ್ಲ."

ಮಾಲ್-ಸುನ್ ಸಿಕ್ಕಿದ್ದಳು, ಗೊಯಾಂಗ್ ಮಾರುಕಟ್ಟೆಯಲ್ಲಿ, ಮೂಲಂಗಿ ಬೆರಳಲ್ಲಿ ಬಡಿದು ನೋಡುತ್ತಿದ್ದಳು. ನನ್ನ ಚೀಲದಲ್ಲಿ ಹುದುಗಿನ ಡಬ್ಬಿ ಕಂಡಿತು.

"ಸಾಹೇಬ್ರು ಅಡುಗೆ ಕಲೀತಿದಾರೆ ಅಂತ ಸುದ್ದಿ."

"ಸಾರು ಪರವಾಗಿಲ್ಲ. ಅನ್ನ ತಳ ಹಿಡಿಯುತ್ತೆ."

"ತಳ ಹಿಡಿದಿದ್ದಕ್ಕೆ ಬಿಸಿನೀರು ಹುಯ್ದು ಕುಡೀರಿ. ನನಗದೇ ಇಷ್ಟ." ಮೂಲಂಗಿ ಬಡಿದಳು. "ಇದು ಟೊಳ್ಳು. ಕೇಳಿ ನೋಡಿ."

ಕೇಳಿದೆ. ಟೊಳ್ಳಲ್ಲ. ಆದರೂ ಹೌದೆಂದೆ.

ಸೆಪ್ಟೆಂಬರ್ 11, ನಡುರಾತ್ರಿ

ಬೆಳಗಿನ ಮೊದಲ ಆಟಕ್ಕೆ ಹೋದೆ. ಮುಕ್ಕಾಲು ತುಂಬಿತ್ತು. ನನ್ನ ಪಕ್ಕ ಒಬ್ಬ ಅಜ್ಜಿ, ತೊಡೆಯ ಮೇಲೆ ಚೀಲ, ಚೀಲದಲ್ಲಿ ಸುಲಿದ ಚೆಸ್ಟ್‌ನಟ್. ಎಪ್ಪತ್ಮೂರನೇ ಬಾಗಿಲು ಮುಚ್ಚಿಕೊಂಡಾಗ ತಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡಳು — ಸಿಕ್ಕಿಹಾಕಿಕೊಳ್ಳುತ್ತದೆಂದು. ಆಮೇಲೆ ತನ್ನಷ್ಟಕ್ಕೆ ನಕ್ಕು, ನನಗೊಂದು ಚೆಸ್ಟ್‌ನಟ್ ಕೊಟ್ಟಳು.

ಇಪ್ಪತ್ತಾರು ವರ್ಷಕ್ಕೆ ಇಷ್ಟು ಸಾಕು.

ಮೊದಲ ದಿನ ಮೂರು ಲಕ್ಷ ಹದಿನಾಲ್ಕು ಸಾವಿರ ತಲೆ. ಬಾನ್ ಸಂದೇಶ ಕಳಿಸಿದ್ದಾನೆ, ಬರೀ ಕ್ಷೌರದ ಕತ್ತರಿಯ ಚಿತ್ರ.

ಸೆಪ್ಟೆಂಬರ್ 19

ಹಬ್ಬ ಮುಗಿಯಿತು. ಒಟ್ಟು ಇಪ್ಪತ್ತೊಂದು ಲಕ್ಷ. ನಾಲ್ಕು ಚಿತ್ರಗಳಲ್ಲಿ ನಮ್ಮದೇ ಮುಂದು. ಮೂರನೆಯ ಭಾಗಕ್ಕೂ ಕಥೆ ಇದೆ ಎನ್ನುತ್ತಿದ್ದಾನೆ ಬಾನ್. ಎರಡನೆಯದರ ಮಾತು ಆಗಲೇ ಮುಗಿದಂತೆ — ದಾಟಿದರೆ ಮಾರ್ಚಿಗೆ ಮತ್ತೆ ಅದೇ ಬೆಟ್ಟ.

ಇವತ್ತು ಅನ್ನ ತಳ ಹಿಡಿಯಲಿಲ್ಲ. ನಿರಾಶೆಯಾಗಿ ಮತ್ತೆ ಒಲೆ ಹಚ್ಚಿ ಹಿಡಿಸಿದೆ.

ಸೆಪ್ಟೆಂಬರ್ 27

ಇಪ್ಪತ್ತೇಳು ಲಕ್ಷ. ಹಬ್ಬದ ನಂತರದ ಗುರುವಾರಕ್ಕೆ ತಲೆಗಳು ಅರ್ಧಕ್ಕೆ ಇಳಿದವು, ಶುಕ್ರವಾರಕ್ಕೆ ಮತ್ತರ್ಧ. ಕೆಳಮನೆಯ ದಂಪತಿಯನ್ನು ಕೇಳಿದೆ, ನೋಡಿದಿರಾ ಎಂದು. "ಇನ್ನು ಮೂರು ತಿಂಗಳಿಗೆ ಮನೆ ಟಿವಿಗೇ ಬರುತ್ತಲ್ಲ" ಎಂದರು. ಮೂರು ತಿಂಗಳು ಕಾಯುವುದು ಅವರಿಗೆ ಕಷ್ಟವಲ್ಲ. ಕೋಟೆಯವರು ಕಾದದ್ದೂ ಮೂರೇ ತಿಂಗಳು.

ಬಾನ್ ಫೋನಿನಲ್ಲಿ ಲೆಕ್ಕ ಬಿಡಿಸಿದ.

"ಒಂದು ತಲೆ ಬಂತು ಅಂದ್ಕೋ ಅಣ್ಣ. ಅರ್ಧ ತಲೆ ಥಿಯೇಟರಿನವರದು. ಉಳಿದ ಅರ್ಧದಲ್ಲಿ ಒಂದು ಕಿವಿ ಸರ್ಕಾರಕ್ಕೆ, ಒಂದು ಕಣ್ಣು ಪೋಸ್ಟರಿನವರಿಗೆ, ಮೂಗು ಸೇನಾಪತಿಗೆ. ನನಗೆ ಬರೋದು ಕೂದಲು."

"ಅದನ್ನೂ ಬೋಳಿಸ್ತೀನಿ ಅಂದಿದೀಯ."

ನಕ್ಕ. ಚೆನ್ನಾಗಿಯೇ ನಕ್ಕ. ಸೋಲುವಾಗ ಅವನ ನಗು ಗೆಲ್ಲುವಾಗಿನದಕ್ಕಿಂತ ಮೇಲು, ತಳದಲ್ಲಿ ಗಾಳಿ ಇರುತ್ತದೆ.

ಹೊರದೇಶಕ್ಕೆ ಮಾರಾಟವಾಗಿದೆಯಂತೆ. ಐವತ್ತೆಂಟು ಬೇಡ, ಐವತ್ತೆರಡು ಸಾಕು ಎಂದು ಪತ್ರಿಕೆಯಲ್ಲಿ ಬಂದಿದೆ. ನಾವು ಗೆರೆ ಮುಟ್ಟಲಾರೆವೆಂದು ಗೆರೆಯೇ ಆರು ಹೆಜ್ಜೆ ಇತ್ತ ಬಂದಿದೆ. ಬಡಪಾಯಿ.

ಅಕ್ಟೋಬರ್ 4, ಬೆಳಗ್ಗೆ 7

ಆತ್ಮ ಕಳಿಸಲು ಶುರುಮಾಡಿದ್ದೇನೆ. ಹುಡುಗಿಯರು ತಮಗೆ ಇಷ್ಟವಾದ ಚಿತ್ರಕ್ಕೆ ಮಾಡುವುದು. ನೋಡಿಯಾದ ಮೇಲೂ ಟಿಕೆಟ್ ಕೊಳ್ಳುತ್ತಾರೆ. ದೇಹ ಮನೆಯಲ್ಲಿ, ಆತ್ಮ ಥಿಯೇಟರಿನಲ್ಲಿ. ತಲೆ ಎಣಿಸುವ ಯಂತ್ರ ಆತ್ಮವನ್ನೂ ತಲೆ ಎಂದೇ ಎಣಿಸುತ್ತದೆ.

ಫೋನಿನಲ್ಲಿ ಕುರ್ಚಿ ಆರಿಸಿದೆ. ಎಫ್ ಸಾಲು, ಹನ್ನೊಂದು. ಹಾಗೇ ಹನ್ನೆರಡನ್ನೂ. ಅವಳ ಆತ್ಮ ಬರುವುದಾದರೆ ಕೂರಲು.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಲ್ಲುಜ್ಜುತ್ತ ಶಿಳ್ಳೆ ಹೊಡೆದೆ, ನೊರೆಯ ಸಮೇತ.

ಅಕ್ಟೋಬರ್ 9

ಈವರೆಗೆ ಆತ್ಮಗಳು ಅರವತ್ತೆರಡು. ಚಿತ್ರಕ್ಕೆ ಇವತ್ತು ಇಡೀ ದೇಶದಲ್ಲಿ ಬಂದ ತಲೆಗಳಲ್ಲಿ ಎಂಟು ನನ್ನವು. ಬಾನ್ ಇದನ್ನು ಕಂಡಕಂಡವರಿಗೆಲ್ಲ ಹೇಳಿದ್ದಾನೆ, ಹೆಮ್ಮೆಯಿಂದ.

ಹತ್ತು ಗಂಟೆಗೆ ಮಾಲ್-ಸುನ್ ಸ್ಟುಡಿಯೋಗೆ ಬಂದಳು. ಕೈಯಲ್ಲಿ ಕಿಮ್ಚಿ ಡಬ್ಬಿ. ಕೂರಲಿಲ್ಲ.

"ಟಿಕೆಟ್ ಕೊಳ್ತಿದೀರಂತೆ."

"ಹೂಂ."

"ಅರವತ್ತು."

"ಅರವತ್ತೆರಡು."

"ಅಷ್ಟು ಆಸೆನಾ ನಿಮಗೆ, ಅದು ದಾಟ್ಲಿ ಅಂತ?"

ಇಷ್ಟು ನೇರವಾಗಿ ಕೇಳುತ್ತಾಳೆಂದು ಎಣಿಸಿರಲಿಲ್ಲ. ಧೈರ್ಯ ಮಾಡಿದೆ. "ಈ ವರ್ಷ ನಾನು ಬೇರೇನೂ ಬೇಡಿಕೊಂಡಿಲ್ಲ" ಎಂದೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳ ಒಮ್ಮೆ ಒತ್ತಿ ನೋಡಿದಳು.

"ಸರಿ ಹಾಗಾದ್ರೆ. ನಾನು ಬೇರೆ ಥರ ತಿಳ್ಕೊಂಡಿದ್ದೆ."

ಹೋದಳು. ಟಕ್, ಟಕ್. ಹಿಮ್ಮಡಿ ಎಳೆಯಲಿಲ್ಲ. ಬೇಗ ನಡೆಯುವಾಗ ಎಳೆಯುವುದಿಲ್ಲವೆಂದು ಇವತ್ತು ಗೊತ್ತಾಯಿತು.

ನಾಚಿಕೊಂಡಳೇನೋ. ಸಂಜೆಯೊಳಗೆ ಇನ್ನು ನಾಲ್ಕು ಕೊಂಡೆ.

ಅಕ್ಟೋಬರ್ 26

ಕೊನೆಯ ಥಿಯೇಟರಿನಿಂದಲೂ ತೆಗೆದರು. ಒಟ್ಟು ಮೂವತ್ತೊಂದು ಲಕ್ಷ ನಲವತ್ತಾರು ಸಾವಿರದ ಇನ್ನೂರ ಎಂಟು. ಆಡಿದ ಮಾತು ಐವತ್ತೆಂಟಕ್ಕೆ. ಐವತ್ತೆರಡಕ್ಕೂ ಸಲ್ಲಲಿಲ್ಲ.

ಏನು ತಪ್ಪಾಯಿತೆಂದು ಎಲ್ಲರ ಬಳಿಯೂ ಒಂದೊಂದು ಉತ್ತರವಿದೆ. ಬಾಗಿಲು. ಮಂಜು. ಬುಧವಾರ. ಉದ್ದ. ಸೇನಾಪತಿಯ ಮೂಗು. ಶೂಟಿಂಗಿಗೆ ಮೊದಲು ಪೂಜೆಗಿಟ್ಟ ಹಂದಿಯ ತಲೆ ನಗುತ್ತಿರಲಿಲ್ಲ ಎಂದು ಬಾನ್. ನಗುವ ತಲೆ ಆರಿಸಿ ತರಬೇಕಿತ್ತಂತೆ. ಯಾವುದನ್ನೂ ಅಲ್ಲಗಳೆಯಲಾರೆ. ಮೂವತ್ತೊಂದು ಲಕ್ಷ ಜನ ಒಂದು ಕತ್ತಲೆಯಲ್ಲಿ ಕೂತು ನನ್ನ ಮಂಡಿಯ ಸದ್ದು ಕೇಳಿದ್ದಾರೆ. ಅದನ್ನು ಸೋಲು ಎನ್ನಲು ಬೇರೆ ಯಾರಾದರೂ ಬರಬೇಕು.

ಇನ್ನೊಂದು ವಿಷಯ — ಅವಳನ್ನು ಕಾಣಲು ಹೋಗುವುದು ಸರಿಯಲ್ಲ. ಆಡಿದ ಮಾತಿಗೆ ಒಂದು ಗೆರೆ ಇತ್ತು. ಗೆರೆ ದಾಟಲಿಲ್ಲ.

ಎರಡನೆಯ ಬಟ್ಟಲನ್ನು ಮೇಲಿನ ಕಪಾಟಿಗೆ ಇಟ್ಟೆ.

ನವೆಂಬರ್ 18, ಬೆಳಗ್ಗೆ 11

ಟಿವಿ ಧಾರಾವಾಹಿಯ ಕೆಲಸ. ಅತ್ತೆ ಸಿಟ್ಟಿನಿಂದ ತಟ್ಟೆ ಕೆಡವುತ್ತಾಳೆ. ನೆನಪಾಯಿತು — ಮಾರ್ಚಿನ ಏಳು ಬಟ್ಟಲು. ಕಡತ ತೆಗೆದೆ. ಹಿಂದೆ ಮಾತಿನ ಕಲಮಲ, ಅದನ್ನು ಒರೆಸಿ ಬಟ್ಟಲನ್ನಷ್ಟೇ ಉಳಿಸಬೇಕು. ಬಟ್ಟಲಿನ ಸ್ವರ ಮೇಲಿನದು, ಮಾತು ಕೆಳಗಿನದು. ಬೇರ್ಪಡಿಸಿದೆ. ಬಟ್ಟಲು ಒಂದು ಕಡೆ, ಮಾತು ಇನ್ನೊಂದು ಕಡೆ.

ಎಸೆಯುವ ಮುಂಚೆ ಮಾತನ್ನು ಒಮ್ಮೆ ಕೇಳಿದೆ. ಏಕೆಂದು ಬರೆಯುವುದಿಲ್ಲ.

ದಾಟಿದರೆ — ನೊಮುಮ್ಯೊನ್. ಅದಕ್ಕೆ ಮೊದಲು ಒಂದು ಉಸಿರು. ಆನ್.

ನಮ್ಮ ಮಾತಿನಲ್ಲಿ ಇಲ್ಲ ಎನ್ನಲು ಅಷ್ಟು ಸಾಕು. ನೊಮುಮ್ಯೊನ್, ದಾಟಿದರೆ. ಆನ್ ನೊಮುಮ್ಯೊನ್, ದಾಟದಿದ್ದರೆ. ಮೊದಲ ಬಟ್ಟಲು ಬಿದ್ದದ್ದು ಸರಿಯಾಗಿ ಆ ಉಸಿರಿನ ಮೇಲೆ.

ಹದಿನಾಲ್ಕು ಸಲ ಕೇಳಿದೆ. ಒಲೆಯ ಗ್ಯಾಸಿನ ಸದ್ದೂ ಇರಬಹುದು. ಸದ್ದು ಮೋಸ ಮಾಡುತ್ತದೆ, ನನ್ನ ಅನ್ನ ಅದರಿಂದಲೇ.

ನವೆಂಬರ್ 18, ಮಧ್ಯಾಹ್ನ 12

ಬಾನ್‌ಗೆ ಫೋನ್ ಮಾಡಿದೆ. ಅವಳ ಪಕ್ಕದಲ್ಲೇ ನಿಂತಿದ್ದವನು ಅವನು.

"ಮಾಲ್-ಸುನ್ ಆವತ್ತು ಏನಂದ್ರು? ಸರಿಯಾಗಿ ಹೇಳು."

"ದಾಟದಿದ್ರೆ ನಿನ್ನ ಮನೇಲಿ ಊಟ ಅಂದ್ರು. ಅಪಶಕುನ ಅಂತ ನಾನು ಸಾರೂ ಮುಟ್ಟಲಿಲ್ಲ. ಯಾಕಣ್ಣ?"

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಅಣ್ಣ. ನೀನು ಹೇಗೆ ಕೇಳಿಸ್ಕೊಂಡಿದ್ದೆ?"

ಹೇಳಿದೆ. ಎರಡು ನಿಮಿಷ ನಕ್ಕ. ಫೋನ್ ಕೆಳಗಿಟ್ಟು ನಕ್ಕ, ಯಾರಿಗೋ ಹೇಳಿ ಮತ್ತೆ ನಕ್ಕ. ಆಮೇಲೆ ಒಮ್ಮೆಲೇ ನಿಲ್ಲಿಸಿದ.

"ಅಂದ್ರೆ ನೀನು ಅರವತ್ತಾರು ಟಿಕೆಟ್ ಕೊಂಡಿದ್ದು... ಅಯ್ಯೋ ಅಣ್ಣ. ನೀನು ಬೇಡ ಅಂತಿದೀಯ ಅಂತ ತಿಳ್ಕೊಂಡಿರ್ತಾರೆ. ಡಿಸೆಂಬರ್ ಒಂದಕ್ಕೆ ಮೊಕ್ಪೊ ಕಡೆ ಹೊರಡ್ತಿದಾರೆ, ಹಡಗಿನ ಚಿತ್ರ. ಎಂಟು ತಿಂಗಳು ಅಂದಿದಾರೆ. ದೊಡ್ಡ ಚಿತ್ರ."

ಎಂಟು ತಿಂಗಳೆಂದರೆ ಹದಿಮೂರು. ಅಷ್ಟು ಈಗ ನನಗೂ ಗೊತ್ತು.

ಈ ವರ್ಷ ನಾನು ಬೇರೇನೂ ಬೇಡಿಕೊಂಡಿಲ್ಲ ಎಂದಿದ್ದೆನಲ್ಲ. ಅವಳ ಮುಖಕ್ಕೆ. ಅವಳು ಮುಚ್ಚಳ ಒತ್ತಿ ನೋಡಿದ್ದು.

ನವೆಂಬರ್ 23, ಸಂಜೆ 5

ಐದು ದಿನ ಅವಳು ಫೋನ್ ಎತ್ತಲಿಲ್ಲ. ಇವತ್ತು ನಮ್ಯಾಂಗ್ಜುವಿನ ಅವಳ ಅಂಗಳಕ್ಕೇ ಹೋದೆ. ಚಳಿಗಾಲದ ಕಿಮ್ಚಿ ಹಾಕುವ ದಿನ. ನೀಲಿ ತಾಡಪಾಲಿನ ಮೇಲೆ ಇನ್ನೂರು ಕೋಸು, ಸುತ್ತ ಏಳು ಹೆಂಗಸರು, ಎಲ್ಲರಿಗೂ ಮೊಣಕೈವರೆಗೆ ಕೆಂಪು ರಬ್ಬರ್ ಕೈಗವಸು. ನನ್ನನ್ನು ನೋಡಿ ಏಳೂ ಮಂದಿ ಮಾಲ್-ಸುನ್ ಕಡೆ ತಿರುಗಿದರು. ಎಲ್ಲರಿಗೂ ಗೊತ್ತಿದೆ.

ಮಾಲ್-ಸುನ್ ತಲೆ ಎತ್ತಲಿಲ್ಲ. "ಹೆಣ ಬೇಕಿತ್ತಾ? ಈ ಕೋಸು ಕೆಲಸಕ್ಕೆ ಬರಲ್ಲ. ಉಪ್ಪಲ್ಲಿ ನೆಂದಿದೆ."

ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅದರ ಬದಲು ರೆಕಾರ್ಡರ್ ತೆಗೆದು ಅವಳ ಕಿವಿಗೆ ಹೆಡ್‌ಫೋನ್ ಇಟ್ಟೆ. ಕೈಗೆಲ್ಲ ಖಾರ ಮೆತ್ತಿದ್ದರಿಂದ ಅವಳಿಗೆ ತಳ್ಳಲಾಗಲಿಲ್ಲ. ಮೊದಲು ಬಟ್ಟಲಿನ ಜೊತೆ ಕೇಳಿಸಿದೆ, ಆಮೇಲೆ ಬಟ್ಟಲಿಲ್ಲದೆ.

ಕೋಸಿನ ಎಲೆಯೊಂದನ್ನು ಮಗುಚಿದಳು.

"ಆನ್ ಕೇಳಿಸಲಿಲ್ವಾ ನಿಮಗೆ."

"ಮೊನ್ನೆ ಕೇಳಿಸ್ತು."

"ಕಿವಿ ಮಾರ್ಕೊಂಡು ಬದುಕೋ ಮನುಷ್ಯ."

"ಹೌದು."

"ದಾಟ್ಲಿ ಅಂತ ಅರವತ್ತೆರಡು ಟಿಕೆಟ್."

"ಅರವತ್ತಾರು."

ಹೆಂಗಸರಲ್ಲಿ ಒಬ್ಬಳಿಗೆ ತಡೆಯಲಾಗಲಿಲ್ಲ. ಮೂಲಂಗಿ ಚೂರಿನ ಮೇಲೇ ಕವುಚಿಕೊಂಡು ನಕ್ಕಳು. ಮಿಕ್ಕವರೂ. ಮಾಲ್-ಸುನ್ ನಗಲಿಲ್ಲ, ಆದರೆ ತುಟಿಯನ್ನು ಒಳಗೆಳೆದುಕೊಂಡಳು.

ದಾಟದಿದ್ದರೆ ಎಂದದ್ದೇಕೆ ಎಂದು ಕೇಳಿದೆ. ಎಲ್ಲರೂ ದಾಟಿದರೆ ಎನ್ನುತ್ತಿದ್ದಾಗ.

"ದಾಟಿದ್ರೆ ಎರಡನೇ ಭಾಗ ಮಾಡ್ತಾರೆ. ನಾನು ಮತ್ತೆ ಬೆಟ್ಟ ಹತ್ಬೇಕು. ದಿನಾ ನಿಮ್ಮ ಮನೇಲಿ ಉಣ್ಣೋದು ಹೇಗೆ?" ಎಲೆಗಳ ನಡುವೆ ಖಾರ ಸವರುತ್ತಲೇ ಇದ್ದಳು. "ದಾಟಲ್ಲ ಅಂತ ನನಗೆ ಎರಡನೇ ತಿಂಗಳೇ ಗೊತ್ತಿತ್ತು. ಒಂದು ನಿಮಿಷ ಓಡೋ ಕುದುರೆ ದೃಶ್ಯಕ್ಕೆ ಎರಡು ಸಾವಿರ ಊಟ ಹಾಕಿದವಳು ನಾನು. ಆ ಊಟ ವಾಪಸ್ ಬರೋಷ್ಟು ಜನ ಈ ದೇಶದಲ್ಲಿ ಹುಟ್ಟಿಲ್ಲ. ಆಗೇ ಆಗುತ್ತೆ ಅಂತ ಗೊತ್ತಿರೋದರ ಮೇಲೆ ಮಾತು ಕೊಟ್ಟೆ. ಎಲ್ಲರ ಮುಂದೆ. ನನ್ನ ವಯಸ್ಸಿಗೆ ಅದಕ್ಕಿಂತ ಹೇಗೆ ಹೇಳೋದು?"

ತಾಡಪಾಲಿನ ಅಂಚಿನಲ್ಲಿ ಕೂತೆ. ಖಾರ ತುಂಬಿದ ಎಲೆಯೊಂದನ್ನು ಸುತ್ತಿ ನನ್ನ ಬಾಯಿಗೆ ತುರುಕಿದಳು, ಬೇಕೇ ಎಂದು ಕೇಳದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದೆ. "ನಾನೇನು ಕೇಳಿದ್ನಾ" ಎಂದಳು.

"ಮೊಕ್ಪೊ?"

"ಹೂಂ ಅಂದಿದೀನಿ, ಇನ್ನೂ ರುಜು ಹಾಕಿಲ್ಲ. ನಾಳೆ ಉತ್ತರ ಕೊಡ್ಬೇಕು. ಲಾರಿ ಓಡಿಸೋಕೆ ನನ್ನ ತಂಗಿ ತುದಿಗಾಲಲ್ಲಿ ನಿಂತಿದಾಳೆ." ಕೋಸಿನ ಹೊರ ಎಲೆಯನ್ನು ಸುತ್ತಿ ಬಿಗಿದಳು. "ನಾಳೆ ಆರು ಗಂಟೆ ಹೊತ್ತಿಗೆ ನಿಮ್ಮ ಬೀದಿ ಕಡೆ ಬರೋದಿದ್ರೂ ಇರಬಹುದು. ಮೊಕ್ಪೊಗೆ ಹೂಂ ಅಂದ್ರೆ ಬರಲ್ಲ. ಕಾಯೋದು ಬೇಡ."

"ಅನ್ನ ಮಾಡಿಡ್ತೀನಿ."

"ತಳ ಹಿಡಿಸಿ."

ನವೆಂಬರ್ 24, ಸಂಜೆ 5.20

ಬಾನ್ ಮಧ್ಯಾಹ್ನ ಬಂದಿದ್ದ. ತಲೆ ಬೋಳು. ದಾಟಲಿಲ್ಲವಲ್ಲ, ಏಕೆ ಬೋಳಿಸಿದೆ ಎಂದೆ. "ಹೇಗೂ ಉದುರ್ತಿತ್ತು" ಎಂದ. ಆ ನೂರು ಬಾಗಿಲುಗಳನ್ನು ನೋಡಲು ಭಾನುವಾರಗಳಲ್ಲಿ ಬೆಟ್ಟಕ್ಕೆ ಜನ ಬರುತ್ತಿದ್ದಾರಂತೆ, ಬುತ್ತಿ ಕಟ್ಟಿಕೊಂಡು. ತೆರೆಯುತ್ತಾರೆ, ಮುಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ. ಯಾರೂ ತಲೆ ಎಣಿಸುತ್ತಿಲ್ಲ. ಸಂತೋಷವಾಗಿದ್ದ. ನನ್ನ ಸಾರು ರುಚಿ ನೋಡಿ ಸ್ವಲ್ಪ ದಪ್ಪ ಆಯ್ತು ಅಂದ. ಅವನನ್ನು ಹೊರಗೆ ಹಾಕಿದೆ.

5.45

ಎರಡು ಬಟ್ಟಲು. ಎರಡು ಜೊತೆ ಕಡ್ಡಿ. ಅಕ್ಕನ ಫೋನ್ ಮೂರು ಸಲ. ಎತ್ತಲಿಲ್ಲ, ಕಿವಿ ಖಾಲಿ ಇರಬೇಕು.

5.58

ಅನ್ನ ಚಿಟಚಿಟ ಎನ್ನುತ್ತಿದೆ. ತಳ ಹಿಡಿಯುತ್ತಿದೆ.

6.10

ಲಿಫ್ಟ್ ಎರಡು ಸಲ ಬಂತು. ಒಂದು ಕೆಳಮನೆಯವರು. ಒಂದು ಯಾರದೋ ಪಾರ್ಸೆಲ್.

6.20

ಒಲೆ ಆರಿಸಿದೆ. ಮೊಕ್ಪೊದಲ್ಲಿ ಮೀನು ಚೆನ್ನಾಗಿರುತ್ತದೆಂದು ಕೇಳಿದ್ದೇನೆ.

6.24

ಮೆಟ್ಟಿಲು. ಲಿಫ್ಟ್ ಅಲ್ಲ, ಮೆಟ್ಟಿಲು. ನಿಧಾನ. ಏನೋ ಭಾರ ಹೊತ್ತು — ಪ್ಲಾಸ್ಟಿಕ್ ಡಬ್ಬಿ, ದೊಡ್ಡದು, ಒಳಗೆ ರಸ ತುಳುಕುತ್ತಿದೆ. ಎರಡನೇ ಮಹಡಿಯಲ್ಲಿ ನಿಂತಿತು. ಮತ್ತೆ ಹೊರಟಿತು. ಎಡಗಾಲು, ಟಕ್. ಬಲಗಾಲು, ಟ-